4,29,49,67,297: ಫರ್ಮಾನ ಊಹೆ ಬಿದ್ದುಹೋದ ಸಂಖ್ಯೆ

429 ಕೋಟಿ 49 ಲಕ್ಷ 67 ಸಾವಿರದ 297. ಇದು 2³² + 1ರ ಬೆಲೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ತುದಿಯಲ್ಲಿ ಒಂದೊಂದು 1, ನಡುವೆ 31 ಸೊನ್ನೆ. ನೋಡಲು ಇಷ್ಟು ಸರಳವಾದ ಈ ಸಂಖ್ಯೆಯೇ ದೊಡ್ಡ ಗಣಿತಜ್ಞನೊಬ್ಬನ ಊಹೆಯನ್ನು ಸುಳ್ಳಾಗಿಸಿತು.

ಫರ್ಮಾನ ಊಹೆ

ಎರಡರಿಂದ ಶುರುಮಾಡಿ ಬಂದ ಉತ್ತರವನ್ನೇ ಮತ್ತೆ ಮತ್ತೆ ವರ್ಗ ಮಾಡುತ್ತ ಹೋದರೆ 2, 4, 16, 256, 65,536 ಸಿಗುತ್ತವೆ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65,537. ಐದೂ ಅವಿಭಾಜ್ಯ ಸಂಖ್ಯೆಗಳು. ಈ ಸಾಲು ಎಷ್ಟು ಮುಂದುವರಿದರೂ ಅವಿಭಾಜ್ಯಗಳೇ ಬರುತ್ತವೆ ಎಂದು ಫ್ರಾನ್ಸಿನ ಪಿಯರ್ ದ ಫರ್ಮಾ 1640ರ ಸುಮಾರಿಗೆ ನಂಬಿದ್ದ. ಆದರೆ ಸಾಧಿಸಿ ತೋರಿಸಲು ಅವನಿಂದ ಆಗಲಿಲ್ಲ. ಸಾಲಿನ ಮುಂದಿನ ಸಂಖ್ಯೆಯೇ 4,29,49,67,297.

ಆಯ್ಲರ್ ಕಂಡ 641

ಗಣಿತಜ್ಞ ಗೋಲ್ಡ್‌ಬಾಕ್ 1729ರಲ್ಲಿ ಪತ್ರ ಬರೆದು ಲಿಯೋನಾರ್ಡ್ ಆಯ್ಲರನ ಗಮನವನ್ನು ಈ ಊಹೆಯತ್ತ ಸೆಳೆದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ:

641 × 67,00,417 = 4,29,49,67,297

ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದಿದ್ದರೂ ಅದು 64ರ ಅಪವರ್ತ್ಯಕ್ಕಿಂತ 1 ಹೆಚ್ಚಿರಲೇಬೇಕು ಎಂಬುದನ್ನು ಅವನು ಮುಂದೆ ಸಾಧಿಸಿದ. ಹಾಗಾಗಿ ಸಿಕ್ಕಸಿಕ್ಕ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕಿಲ್ಲ. 193, 257, 449, 577 ಆದ ಮೇಲೆ ಐದನೆಯದಾಗಿ ಬರುವುದೇ 641.

ಭಾಗಾಕಾರವಿಲ್ಲದೆ ಸಾಧನೆ

641 = 5 × 2⁷ + 1. ಆದ್ದರಿಂದ 5 × 2⁷ ಎಂಬುದು 641ರ ಲೆಕ್ಕದಲ್ಲಿ, ಅಂದರೆ 641ರ ಅಪವರ್ತ್ಯಗಳನ್ನು ಬಿಟ್ಟು ನೋಡಿದರೆ, −1ಕ್ಕೆ ಸಮ. ಅದರ ನಾಲ್ಕನೇ ಘಾತ 5⁴ × 2²⁸ ಎಂಬುದು 1ಕ್ಕೆ ಸಮ. ಇನ್ನೊಂದೆಡೆ 641 = 5⁴ + 2⁴; ಅಂದರೆ 5⁴ಕ್ಕೆ ಬದಲಾಗಿ −2⁴ ಇಡಬಹುದು. ಆಗ −2³² ಎಂಬುದು 1ಕ್ಕೆ ಸಮವಾಗುತ್ತದೆ. ಹೀಗಾಗಿ 2³² + 1ನ್ನು 641ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ.

ಇತರ ಗುಣಗಳು

67,00,417 ಕೂಡ ಅವಿಭಾಜ್ಯ. ಆದ್ದರಿಂದ ಈ ಸಂಖ್ಯೆಗೆ ಇರುವುದು ನಾಲ್ಕೇ ಭಾಜಕಗಳು. ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು: 65,536² + 1² ಮತ್ತು 62,264² + 20,449². ಅವಿಭಾಜ್ಯ ಸಂಖ್ಯೆಯೊಂದನ್ನು ಹೀಗೆ ಎರಡು ಬಗೆಯಲ್ಲಿ ಬರೆಯಲು ಬರುವುದಿಲ್ಲ. ಇದು ಅವಿಭಾಜ್ಯವಲ್ಲ ಎನ್ನಲು ಅಷ್ಟೇ ಸಾಕು.

32 ಬಿಟ್‌ಗಳ ಕಂಪ್ಯೂಟರ್ ಕೋಶದಲ್ಲಿ ಇದು ಹಿಡಿಸುವುದಿಲ್ಲ. ಎಡತುದಿಯ 1 ಹೊರಗುಳಿದು, ಕೋಶದಲ್ಲಿ ಬರೀ 1 ಉಳಿಯುತ್ತದೆ.

ರೇಖಾಗಣಿತದಲ್ಲಿ

ಫರ್ಮಾನ ಸಾಲಿನಲ್ಲಿ ಬರುವ ಅವಿಭಾಜ್ಯದಷ್ಟು (ಇದೇ ಫರ್ಮಾ ಅವಿಭಾಜ್ಯ), ಇಲ್ಲವೇ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧದಷ್ಟು ಬಾಹುಗಳಿರುವ ಸಮಬಾಹು, ಸಮಕೋನ ಬಹುಭುಜಾಕೃತಿಯನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದಲೇ ರಚಿಸಬಹುದೆಂದು ಗಣಿತಜ್ಞ ಗೌಸ್ ತೋರಿಸಿದ. 4,29,49,67,297 ಬಾಹುಗಳ ಆಕೃತಿಗೆ ಆ ಭಾಗ್ಯವಿಲ್ಲ. ಎರಡು ಬಾಹು ಕಡಿಮೆ ಮಾಡಿದರೆ ರಚನೆ ಸಾಧ್ಯ: 4,29,49,67,295 ಎಂಬುದು 3, 5, 17, 257, 65,537 ಇವುಗಳ ಗುಣಲಬ್ಧ. ಹೀಗೆ ರಚಿಸಬಹುದಾದ ಬೆಸಸಂಖ್ಯೆಯ ಬಾಹುಗಳ ಆಕೃತಿಗಳಲ್ಲಿ ಇಂದಿಗೆ ತಿಳಿದಿರುವ ಅತಿ ದೊಡ್ಡದು ಇದೇ. ಆರನೆಯ ಫರ್ಮಾ ಅವಿಭಾಜ್ಯವನ್ನು ಯಾರಾದರೂ ಕಂಡುಹಿಡಿದ ದಿನ ಈ ದಾಖಲೆ ಮುರಿಯುತ್ತದೆ.