ಹಾಡಿನ ಬೆನ್ನು ಹತ್ತಿದ ಮಾತು

ಲಕ್ವ ಹೊಡೆದು ಮಾತು ನಿಂತವರಲ್ಲಿ ಕೆಲವರು ಹಾಡಬಲ್ಲರು. ಇದನ್ನು ಮೊದಮೊದಲು ಬರೆದಿಟ್ಟವರಲ್ಲಿ ಸ್ವೀಡನ್ನಿನ ಕವಿ, ಇತಿಹಾಸಕಾರ ಓಲೋಫ್ ಡಾಲಿನ್ ಒಬ್ಬ. 1745ರಲ್ಲಿ ಆತ ಒಬ್ಬ ರೈತನ ಮಗನ ಕಥೆ ಹೇಳಿದ. ಬಲಭಾಗವೆಲ್ಲ ಸ್ವಾಧೀನ ತಪ್ಪಿದ ಆ ಮನುಷ್ಯನ ಬಾಯಲ್ಲಿ ‘ಹೌದು’ ಎಂಬುದೊಂದೇ ಮಾತು, ಮಿಕ್ಕದ್ದೆಲ್ಲ ಕೈಸನ್ನೆ. ಆದರೆ ಯಾರಾದರೂ ಜೊತೆಗೂಡಿ ಎತ್ತಿಕೊಟ್ಟರೆ, ಮೊದಲು ಕಲಿತಿದ್ದ ಚರ್ಚಿನ ಕೀರ್ತನೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದ. ರಾಗವಿಲ್ಲದ ಪ್ರಾರ್ಥನೆಯನ್ನೂ ಒಂದು ಲಯ ಹಿಡಿದು, ಗಟ್ಟಿ ದನಿಯಲ್ಲಿ ಒಪ್ಪಿಸುತ್ತಿದ್ದ.

ಇದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಸೋಜಿಗವಾಗಿಯೇ ಉಳಿಯಿತು.

ಅದನ್ನು ಚಿಕಿತ್ಸೆಯಾಗಿ ಕಟ್ಟಿದವರು ಅಮೆರಿಕದ ಬಾಸ್ಟನ್ನಿನ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್. 1973ರಲ್ಲಿ ಅವರು ಪ್ರಕಟಿಸಿದ ಪದ್ಧತಿಯ ಹೆಸರು ‘ಮೆಲೋಡಿಕ್ ಇಂಟೊನೇಶನ್ ಥೆರಪಿ’. ಹಳೆಯ ಹಾಡು ಹಾಡಿಸುವುದು ಇಲ್ಲಿನ ಗುರಿಯಲ್ಲ. ದಿನಬಳಕೆಯ ಮಾತಿಗೇ ಎರಡು ಸ್ವರಗಳ ಏರಿಳಿತ ಕೊಡುತ್ತಾರೆ. ಕನ್ನಡದಲ್ಲಾದರೆ ‘ನೀ-ರು ಬೇ-ಕು’: ನಾಲ್ಕು ಅಕ್ಷರ, ರೋಗಿಯ ಎಡಗೈ ಹಿಡಿದು ನಾಲ್ಕು ತಟ್ಟು. ಮೊದಲು ಬರೀ ಗುನುಗು, ಆಮೇಲೆ ಇಬ್ಬರೂ ಕೂಡಿ ಹಾಡುವುದು. ನಡುವೆ ಥೆರಪಿಸ್ಟ್ ಮೆಲ್ಲಗೆ ದನಿ ತಗ್ಗಿಸಿ ರೋಗಿಯೊಬ್ಬರನ್ನೇ ಮುಂದುವರಿಯಲು ಬಿಡುತ್ತಾರೆ. ಕೊನೆಗೆ ‘ಏನು ಬೇಕು?’ ಎಂದು ಕೇಳಿ ಉತ್ತರ ಹೊರಡಿಸುತ್ತಾರೆ. ವಾಕ್ಯ ಉದ್ದವಾದಂತೆ ರಾಗ ಕರಗಿ ಸಹಜ ಮಾತಿನ ಧಾಟಿ ಬರಬೇಕು.

ಕೇಳಿದ್ದು ಚೆನ್ನಾಗಿ ಅರ್ಥವಾಗುವ, ಆದರೆ ಹೇಳಲು ಬಾಯಿ ಬಾರದ ಬ್ರೋಕಾ ಅಫೇಸಿಯಾದವರಿಗೆ ಇದು ಹೆಚ್ಚು ಹೊಂದುತ್ತದೆ. 2011ರ ಜನವರಿಯಲ್ಲಿ ಗುಂಡೇಟಿನಿಂದ ಮೆದುಳಿನ ಎಡಭಾಗಕ್ಕೆ ಪೆಟ್ಟಾದ ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಚಿಕಿತ್ಸೆಯಲ್ಲೂ ಹಾಡಿಗೆ ಜಾಗವಿತ್ತು.

ಇದು ಕೆಲಸ ಮಾಡುವುದಾದರೂ ಹೇಗೆ? ಮೆದುಳಿನಲ್ಲಿ ಮಾತನ್ನು ನೋಡಿಕೊಳ್ಳುವ ಎಡಭಾಗ ಕೆಟ್ಟಾಗ, ರಾಗವನ್ನು ಗ್ರಹಿಸುವ ಬಲಭಾಗ ಮಾತಿನ ಹೊಣೆ ಹೊರುತ್ತದೆ ಎಂಬುದು ಬಾಸ್ಟನ್ ತಂಡದ ಊಹೆ. 1996ರಲ್ಲಿ ಪ್ಯಾಸ್ಕಲ್ ಬೆಲಿನ್ ಮತ್ತು ಸಂಗಡಿಗರು ಏಳು ರೋಗಿಗಳ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿದಾಗ ಕಂಡದ್ದೇ ಬೇರೆ: ರಾಗವಾಗಿ ನುಡಿಯುವಾಗ ಚುರುಕಾದದ್ದು ಎಡಭಾಗದಲ್ಲೇ ಇರುವ, ಮಾತು ಹೊರಡಿಸುವ ಬ್ರೋಕಾ ಪ್ರದೇಶ. 2011ರಲ್ಲಿ ಜರ್ಮನಿಯ ಬೆಂಜಮಿನ್ ಸ್ಟಾಲ್ ಮತ್ತು ತಂಡ ಮತ್ತೊಂದು ಪ್ರಶ್ನೆ ಎತ್ತಿತು. ಅವರ ಪ್ರಯೋಗದಲ್ಲಿ ರಾಗಕ್ಕಿಂತ ಲಯವೂ, ಬಾಯಿಪಾಠವಾದ ನುಡಿಗಟ್ಟುಗಳೂ ರೋಗಿಗಳಿಗೆ ಹೆಚ್ಚು ನೆರವಾದವು. ಡಾಲಿನ್ ಹೇಳಿದ ರೈತನ ಮಗ ಒಪ್ಪಿಸುತ್ತಿದ್ದ ಪ್ರಾರ್ಥನೆಯ ಸಾಲುಗಳಲ್ಲಿ ಇವೆರಡೂ ಇದ್ದವು, ರಾಗ ಮಾತ್ರ ಇರಲಿಲ್ಲ.