ಕೊರಟಗೆರೆ: ಮಳ್ಳಿನ ಕೆಳಗೆ ಹರಿದ ಹೊಳೆಯ ಊರು

ಕೊರಟಗೆರೆಗೆ ಹೊಳೆ ಎರಡು. ಊರಿನ ಮಗ್ಗುಲಲ್ಲೇ ಇರುವುದು ಸುವರ್ಣಮುಖಿ. ಹೊಳವನಹಳ್ಳಿ ಕಡೆ ಹೋದರೆ ಸಿಗುವುದು ಜಯಮಂಗಲಿ. ಹೊಸಬರು ಸೇತುವೆ ಮೇಲೆ ನಿಂತು ‘ಹೊಳೆ ಎಲ್ಲಿ?’ ಎಂದು ಕೇಳಿದರೆ ಅವರ ತಪ್ಪೇನೂ ಇಲ್ಲ. ವರ್ಷದ ಮುಕ್ಕಾಲು ಪಾಲು ಅಲ್ಲಿ ಕಾಣುವುದು ಜಾಲಿ, ಜೊಂಡು, ನಡುವೆ ಒಂದಷ್ಟು ಕೊರಕಲು. ಈ ಸೀಮೆಯ ಹೊಳೆ ಮಳೆಗಾಲದಲ್ಲಿ ನಾಲ್ಕು ದಿನ ಮೇಲೆ ಹರಿದರೆ, ಉಳಿದ ದಿನವೆಲ್ಲ ಮಳ್ಳಿನ (ಮರಳಿನ) ಕೆಳಗೆ ಹರಿಯುತ್ತಿತ್ತು. ಊರು ಬೆಳೆದದ್ದು ಆ ಕೆಳಗಿನ ನೀರನ್ನು ನಂಬಿಕೊಂಡೇ.

ಜಯಮಂಗಲಿ ಹುಟ್ಟುವುದು ತುಮಕೂರಿನ ದೇವರಾಯನದುರ್ಗದಲ್ಲಿ. ಅದೇ ಬೆಟ್ಟದಲ್ಲಿ ಶಿಂಷೆಯೂ ಹುಟ್ಟುತ್ತಾಳೆ. ಶಿಂಷೆ ದಕ್ಷಿಣಕ್ಕೆ ಇಳಿದು ಕಾವೇರಿ ಸೇರಿದರೆ, ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರಿ ಆಂಧ್ರಕ್ಕೆ ಹೋಗುತ್ತಾಳೆ. ಕಾವೇರಿಯ ಮಗಳಿಗೆ ಸಿಕ್ಕ ಮರ್ಯಾದೆ ಪಿನಾಕಿನಿಯ ಮಗಳಿಗೆ ಸಿಕ್ಕಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೊರಟಗೆರೆ ಊರು ಕಟ್ಟಿದವನು ಹೊಳವನಹಳ್ಳಿಯ ಪಾಳೇಗಾರ ರಣಭೈರೇಗೌಡ. ಆವತಿಯ ಗೌಡರ ಕುಲ. ಆಗ ಹೊಳವನಹಳ್ಳಿಗೆ ಕೊರಂಪುರವೆಂಬ ಹೆಸರಿತ್ತು. ಅವನು ಕೋಟೆ ಹಾಕಿಸಿ ಪೇಟೆ ನಿಲ್ಲಿಸಿದ. ಹೈದರಾಲಿಯ ಕಾಲಕ್ಕೆ ಪಾಳೆಯಪಟ್ಟು ಮುಗಿಯಿತು, ಟಿಪ್ಪುವಿನ ಕಾಲಕ್ಕೆ ಕೋಟೆಯೂ ಹೋಯಿತು. ಪಾಳೇಗಾರರ ಕಥೆ ಈ ಕಡೆ ಬೆಟ್ಟಕ್ಕೊಂದು ಇದೆ, ಚನ್ನರಾಯನದುರ್ಗದ್ದು, ಮಧುಗಿರಿಯದ್ದು ಬೇರೆ. ಕೋಟೆಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನೀರಿನ ಬಗ್ಗೆ ಬರೆಯುವವರೇ ಕಡಿಮೆ.

ಇಲ್ಲಿನ ನೀರಿನ ಹೆಸರು ತಲಪರಿಗೆ, ಅಂದರೆ ಮಳ್ಳಿನಲ್ಲಿ ಜಿನುಗುವ ಒರತೆ. ಲೂಯಿಸ್ ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬಿಡದೆ ದಾಖಲಿಸಿದ್ದಾನೆ: ಪಾವಗಡ, ಮಧುಗಿರಿ, ಕೊರಟಗೆರೆ, ಗೌರಿಬಿದನೂರುಗಳ ಉದ್ದಕ್ಕೂ, ಸಿರಾದ ಪೂರ್ವಕ್ಕೂ ಈ ಒರತೆಗಳ ಪಟ್ಟಿಯೊಂದು ಹಾದುಹೋಗುತ್ತದೆ ಎಂದು. ನಮ್ಮ ಕಾಲದಲ್ಲಿ ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ಸುತ್ತಿ ಇವುಗಳ ಕಥೆ ಕಲೆಹಾಕಿದ್ದಾರೆ.

ತಲಪರಿಗೆಯ ಕೆಲಸ ಸರಳ, ಕಟ್ಟುಪಾಡು ಬಿಗಿ. ಕೆರೆಯಂಗಳದಲ್ಲೋ ಹೊಳೆದಂಡೆಯಲ್ಲೋ ಮಳ್ಳು ಮಣ್ಣಿನ ಜಾಗ ನೋಡಿ ಗುಂಡಿ ತೋಡುತ್ತಿದ್ದರು. ಆಳೇನೂ ಬೇಡ, ಕೆಲವು ಕಡೆ ಮೊಣಕಾಲುದ್ದಕ್ಕೇ ಒರತೆ ಜಿನುಗುತ್ತಿತ್ತು. ಗುಂಡಿಯ ಬದಿ ಕುಸಿಯದಂತೆ ಕಲ್ಲು ಕಟ್ಟುತ್ತಿದ್ದರು. ಅಲ್ಲಿಂದ ಸಣ್ಣ ಕಾಲುವೆ ತೆಗೆದರೆ ನೀರು ತಾನಾಗಿಯೇ ಇಳಿದು ಗದ್ದೆ ತೋಟಕ್ಕೆ ಹೋಗುತ್ತಿತ್ತು. ಎಲ್ಲಿ ನೀರು ತೀರ ಕೆಳಗಿತ್ತೋ ಅಲ್ಲಿ ಕಪಿಲೆ ಬಾವಿ, ಎತ್ತಿನ ಜೋಡಿ, ತೊಗಲಿನ ಬಾನಿ. ಬೇಸಿಗೆಗೆ ಮುಂಚೆ ಅಚ್ಚುಕಟ್ಟಿನ ಮನೆಗೊಂದು ಆಳು ಬಂದು ಹೂಳು ತೆಗೆಯಬೇಕಿತ್ತು. ಬಾರದ ಮನೆಗೆ ನೀರಿನ ಸರದಿಯಲ್ಲಿ ಮಾತು ಬರುತ್ತಿತ್ತು. ಸರದಿ ಬಿಡುವವನು ನೀರಗಂಟಿ. ಕೆಲಸ ಮುಗಿದ ದಿನ ಗಂಗಮ್ಮನಿಗೆ ಪೂಜೆ. ಕೆರೆ ಬತ್ತಿದ ಮೇಲೂ ಕೈಹಿಡಿಯುತ್ತಿದ್ದುದು ಈ ಒರತೆಯೇ. ಬರದ ಸೀಮೆಯ ನಡುವೆ ಅಡಿಕೆ, ತೆಂಗಿನ ತೋಟ ಹೇಗೆ ಬಂತು ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಹೊಳೆ ದಂಡೆಯ ಬಾಳಿನ ಇನ್ನೊಂದು ಅರ್ಧ ಜಾತ್ರೆ, ಸಂತೆ. ಕ್ಯಾಮೇನಹಳ್ಳಿಯ ಆಂಜನೇಯನ ಜಾತ್ರೆಗೆ ದನ ಕಟ್ಟುವುದು, ಅಕ್ಕಿರಾಂಪುರದ ಸಂತೆಗೆ ಕುರಿ ಹೊಡೆಯುವುದು ತಾಲ್ಲೂಕಿನ ವರ್ಷದ ಲೆಕ್ಕ. ತೀತಾ ಜಲಾಶಯದ ಪಕ್ಕದ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿ ಕಮಲಮ್ಮನೆಂಬ ಹೆಣ್ಣುಮಗಳ ಹಟದಿಂದ ಎದ್ದು ನಿಂತದ್ದು. ಈಗ ಬೆಂಗಳೂರಿನ ಕಾರುಗಳೇ ಹೆಚ್ಚು. ಸಿದ್ದರಬೆಟ್ಟಕ್ಕೂ ಹಾಗೆಯೇ. ಗವಿಯ ಸಿದ್ಧೇಶ್ವರನಿಗೆ ಕೈಮುಗಿದು, ಒಳಗಿನ ಒರತೆಯ ನೀರು ತಲೆಗೆ ಹಾಕಿಕೊಂಡು, ಗಿಡಮೂಲಿಕೆಯ ಮಾತಾಡುತ್ತಾ ಇಳಿದವರಿಗೆ ಬೆಟ್ಟದ ಬುಡದಲ್ಲಿ ಸೈಟಿನ ಬೋರ್ಡು ಎದುರಾಗುತ್ತದೆ.

ಬೆಳೆಯುವ ಊರಿಗೆ ಇದು ತಪ್ಪಿದ್ದಲ್ಲ. ತುಮಕೂರು ಸುಮಾರು 25 ಕಿಲೋಮೀಟರ್ ದೂರ. ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ ಊರೊಳಗೇ ಹಾಯುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವ ಹುಡುಗ ಹುಡುಗಿಯರು ಪ್ರತಿ ಹಳ್ಳಿಯಲ್ಲಿದ್ದಾರೆ. ಅಲ್ಲಿನ ಫುಡ್ ಪಾರ್ಕ್ 2014ರಲ್ಲಿ ಉದ್ಘಾಟನೆಯಾಯಿತು. ತುಮಕೂರು–ರಾಯದುರ್ಗ ರೈಲು ಬಂದರೆ ಜಮೀನಿನ ಬೆಲೆ ಇನ್ನೂ ಮೇಲೇರುತ್ತದೆ. ಸಂಬಳ ಬಂತು, ತಾರಸಿ ಮನೆ ಬಂತು. ನಾನಂತೂ ಅದನ್ನು ಬೇಡ ಅನ್ನುವುದಿಲ್ಲ.

ಆದರೆ ತಾರಸಿಗೆ ಮಳ್ಳು ಬೇಕು. ಇಲ್ಲಿನ ಮನೆಗಳಿಗೆ ಮಾತ್ರವಲ್ಲ, ಬೆಂಗಳೂರಿನ ಮನೆಗಳಿಗೂ ಜಯಮಂಗಲಿಯ ಮಳ್ಳು ಹೋಯಿತು. ಮೊದಲು ಹಗಲು ಎತ್ತಿನ ಗಾಡಿ, ಆಮೇಲೆ ರಾತ್ರಿ ಟ್ರ್ಯಾಕ್ಟರ್, ಲಾರಿ. ಹೊಳೆ ಬರಿದಾದ ಮೇಲೆ ಹೊಲದ ಮಣ್ಣನ್ನೇ ತೊಳೆದು ಫಿಲ್ಟರ್ ಮಳ್ಳು ಮಾಡಿದರು. ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತಿದ್ದ ಪದರ ಹೋದ ಮೇಲೆ ಒರತೆಗೆ ಜಾಗವೆಲ್ಲಿ? ತಲಪರಿಗೆ ಬತ್ತಿತು, ಕಪಿಲೆ ಬಾವಿಗೆ ಕಸ ಬಿತ್ತು, ಬೋರು ಇಳಿಯಿತು. ಇಲ್ಲಿ ಮಳೆ ಕಡಿಮೆ ಎಂದು ದೂರುವುದು ಸುಲಭ. 2022ರಲ್ಲಿ ಜಯಮಂಗಲಿ ದಂಡೆ ಮೀರಿ ಹರಿದು ರಸ್ತೆ, ಹೊಲ ಮುಳುಗಿಸಿದಾಗ ನೀರಿಗೆ ಬರ ಇರಲಿಲ್ಲ. ಬಂದ ನೀರನ್ನು ತಡೆದು ಕೆಳಗಿಳಿಸುವ ಮಳ್ಳು ಇರಲಿಲ್ಲ.

ಈಗ ಎಲ್ಲರ ಕಣ್ಣು ಪಶ್ಚಿಮಘಟ್ಟದ ಮೇಲೆ. ಅಲ್ಲಿನ ನೀರನ್ನು ಈ ಕಡೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು, 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಮೊದಲ ಹಂತ ಚಾಲೂ ಆಯಿತು. ಆ ನೀರು ನಿಲ್ಲಿಸಲು ಗುರುತಿಸಿದ್ದ ಜಾಗಗಳಲ್ಲಿ ಒಂದು ಇದೇ ತಾಲ್ಲೂಕಿನ ಬೈರಗೊಂಡ್ಲು. ಜಲಾಶಯದ ಒಂದು ಮಗ್ಗುಲು ಕೊರಟಗೆರೆ, ಇನ್ನೊಂದು ಮಗ್ಗುಲು ದೊಡ್ಡಬಳ್ಳಾಪುರ. ಒಂದೇ ನೀರಿಗೆ ಮುಳುಗುವ ಜಮೀನಿಗೆ ಪರಿಹಾರದಲ್ಲಿ ಎರಡು ಬೆಲೆ ಏಕೆ ಎಂದು ಈ ಕಡೆಯ ರೈತರು ಕೇಳಿದರು. ನ್ಯಾಯವಾದ ಪ್ರಶ್ನೆ. ಗದ್ದಲ ವರ್ಷಗಟ್ಟಲೆ ನಡೆಯಿತು.

ಘಟ್ಟದ ನೀರು ಬರುವುದಾದರೆ ಬರಲಿ. ಅಷ್ಟರೊಳಗೆ ಊರವರು ಮಾಡಬಹುದಾದ ಕೆಲಸವೊಂದಿದೆ. ಯಾವ ಕೆರೆಯಂಗಳದಲ್ಲಿ, ಯಾವ ಹೊಂಗೆ ಮರದ ಬುಡದಲ್ಲಿ ತಲಪರಿಗೆ ಇತ್ತು ಎಂದು ಬೆರಳು ಮಾಡಿ ತೋರಿಸಬಲ್ಲ ಹಿರಿಯರು ಇನ್ನೂ ಒಬ್ಬಿಬ್ಬರಿದ್ದಾರೆ. ಅವರನ್ನು ಕರೆದೊಯ್ದು ಜಾಗಕ್ಕೆ ಕಲ್ಲು ನೆಡಿಸಿ, ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ, ಉದ್ಯೋಗ ಖಾತರಿಯಲ್ಲಿ ಹೂಳು ತೆಗೆಸಿ. ಈ ಬೇಸಿಗೆಗೇ ಆಗಲಿ.