ಫ್ರೆಂಚರ ಮನೆಯಲ್ಲಿದ್ದು ಫ್ರೆಂಚ್ ಕಲಿಯುವುದು
ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ವಿದ್ಯಾರ್ಥಿಗಳಿಗೆ ಮಾಹಿತಿ

ಏನಿದು ವ್ಯವಸ್ಥೆ?

ಓದಲು ಹೋದವರು ಪರರ ಮನೆಯಲ್ಲಿ ಉಣ್ಣುವುದು ನಮ್ಮ ಕರಾವಳಿಗೆ ಹೊಸತಲ್ಲ. ಹಾಸ್ಟೆಲುಗಳು ಬರುವ ಮೊದಲು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಪುಕ್ಕಟೆ ಉಣ್ಣುವ ವಾರಾನ್ನವಿತ್ತು. ಆದರೆ ಫ್ರಾನ್ಸಿನಲ್ಲಿ ‘ಫಾಮಿಯ್ ದಕೇಯ್’ ಎಂದು ಕರೆಯುವ ಆತಿಥೇಯ ಕುಟುಂಬದ ಪದ್ಧತಿಯಲ್ಲಿ ದಾನಧರ್ಮದ ಮಾತಿಲ್ಲ, ದುಡ್ಡು ಕೊಟ್ಟೇ ಇರಬೇಕು. ಭಾಷಾ ಶಾಲೆಯೇ ಮನೆಗಳನ್ನು ಗೊತ್ತುಮಾಡಿಟ್ಟಿರುತ್ತದೆ. ವಿದ್ಯಾರ್ಥಿಗೆ ಒಂದು ಕೋಣೆ, ಬೆಳಗಿನ ತಿಂಡಿ, ರಾತ್ರಿ ಊಟ ಸಿಗುತ್ತವೆ; ಇದನ್ನು ‘ದೆಮಿ ಪಾನ್ಸಿಯೋ’ ಎನ್ನುತ್ತಾರೆ. ಮಧ್ಯಾಹ್ನದ ಊಟ ಹೊರಗೆ. ಮನೆಯವರು ಸಾಮಾನ್ಯವಾಗಿ ಮಕ್ಕಳು ದೊಡ್ಡವರಾಗಿ ಬೇರೆಡೆ ಹೋದ ದಂಪತಿ, ಇಲ್ಲವೇ ಒಂಟಿಯಾಗಿರುವ ಹಿರಿಯ ಮಹಿಳೆ. ದೊಡ್ಡ ಸಂಸಾರದ ನಡುವೆ ಇರಬಹುದು ಎಂದು ಎಣಿಸಿಕೊಂಡು ಹೋದವರಿಗೆ ಇದು ಮೊದಲು ನಿರಾಸೆ ತರುತ್ತದೆ. ಆದರೆ ಮಾತಾಡಲು ಬಿಡುವಿರುವುದು ಅಂಥವರಿಗೇ.

ಯಾವ ಊರು, ಯಾವ ಶಾಲೆ

ಎಲ್ಲರ ಬಾಯಲ್ಲೂ ಮೊದಲು ಬರುವುದು ಪ್ಯಾರಿಸ್. ನನ್ನ ಸಲಹೆ ಸಣ್ಣ ಊರುಗಳು. ಬಾಡಿಗೆ ಕಡಿಮೆ, ಇಂಗ್ಲಿಷಿಗೆ ಜಾರಿಕೊಳ್ಳುವ ಅವಕಾಶವೂ ಕಡಿಮೆ. ತೂರ್ ಪಟ್ಟಣದ ಇನ್‌ಸ್ಟಿಟ್ಯೂಟ್ ದ ತೂರೆನ್ 1912ರಿಂದ ವಿದೇಶಿಯರಿಗೆ ಫ್ರೆಂಚ್ ಕಲಿಸುತ್ತಿದೆ. ಬೆಜಾನ್ಸೋದ ಅನ್ವಯಿಕ ಭಾಷಾ ಕೇಂದ್ರ 1958ರಲ್ಲಿ, ವಿಶಿ ಪಟ್ಟಣದ ಕಾವಿಲಾಮ್ 1964ರಲ್ಲಿ ಆರಂಭವಾದವು. ಶಾಲೆಗೆ ‘ಲಾಬೆಲ್ ಕಾಲಿತೆ ಎಫ್‌ಎಲ್‌ಇ’ ಎಂಬ ಸರ್ಕಾರಿ ಗುಣಮಟ್ಟದ ಮುದ್ರೆ ಇದೆಯೇ ಎಂದು ನೋಡಿಕೊಂಡರೆ ಮೋಸ ಹೋಗುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಬೆಲ್ಜಿಯಂನ ದಕ್ಷಿಣ ಭಾಗ, ಪಶ್ಚಿಮ ಸ್ವಿಟ್ಜರ್ಲೆಂಡ್, ಕೆನಡಾದ ಕ್ವಿಬೆಕ್‌ಗಳಲ್ಲೂ ಇಂಥ ವ್ಯವಸ್ಥೆ ಇದೆ. ತೊಂಬತ್ತನ್ನು ‘ನಾಲ್ಕು ಇಪ್ಪತ್ತು ಹತ್ತು’ ಎಂದು ಎಣಿಸುವ ಫ್ರಾನ್ಸಿನ ಕಾಟ ಬೇಡವೆನ್ನುವವರು ‘ನೊನಾಂತ್’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳನ್ನು ಮೆಚ್ಚಬಹುದು.

ನಮ್ಮ ದೇಶದೊಳಗೆ ಫ್ರೆಂಚರ ಗುರುತು ಉಳಿದಿರುವ ಊರುಗಳೂ ಇವೆ. 1954ರಲ್ಲಿ ಫ್ರೆಂಚ್ ಆಡಳಿತ ಬಿಟ್ಟು ಭಾರತಕ್ಕೆ ಬಂದ ಮಾಹೆ ನಮ್ಮ ಕರಾವಳಿಯ ರೈಲು ಹಳಿಯಲ್ಲೇ ದಕ್ಷಿಣಕ್ಕಿದೆ. ಪುದುಚೇರಿಯಲ್ಲಿ ಅಲಯನ್ಸ್ ಫ್ರಾಂಸೇಸ್ ಎಂಬ ಫ್ರೆಂಚ್ ಕಲಿಸುವ ಸಂಸ್ಥೆ ಇದೆ, ತರಗತಿಗಳು ಚೆನ್ನಾಗಿವೆ. ಆದರೆ ಮಾಹೆಯ ಬೀದಿಯಲ್ಲಿ ಕೇಳುವುದು ಮಲಯಾಳ, ಪುದುಚೇರಿಯ ಬೀದಿಯಲ್ಲಿ ತಮಿಳು. ಮನೆಮಾತಾಗಿ ಫ್ರೆಂಚ್ ಕಿವಿಗೆ ಬೀಳಬೇಕೆಂದರೆ ಹೊರದೇಶವೇ ಸರಿ.

ಹೊರಡುವ ಮುನ್ನ

ಏನೂ ಕಲಿಯದೆ ಹೋಗಬಾರದು. ಭಾಷೆಯ ಮಟ್ಟವನ್ನು ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಅಳೆಯುತ್ತಾರೆ. ಎ1 ಆದರೂ ಮುಗಿದಿರಬೇಕು, ಎ2 ಆಗಿದ್ದರೆ ಒಳ್ಳೆಯದು. ಇಲ್ಲವಾದರೆ ಮನೆಯವರು ಮೂರನೇ ದಿನ ದಯೆಯಿಂದಲೇ ಇಂಗ್ಲಿಷಿಗೆ ತಿರುಗುತ್ತಾರೆ. ಒಮ್ಮೆ ತಿರುಗಿದರೆ ವಾಪಸು ತರುವುದು ಕಷ್ಟ.

ಕುಂದಾಪುರ, ಬೈಂದೂರು ಪೇಟೆಗಳಲ್ಲಿ ಎರಡನೇ ಭಾಷೆ ಎಂದರೆ ಹಿಂದಿ ಅಥವಾ ಸಂಸ್ಕೃತ. ಫ್ರೆಂಚ್ ಬೇಕೆಂದರೆ ಹತ್ತಿರದ್ದು ಮಣಿಪಾಲ. ಅಲ್ಲಿನ ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಫ್ರೆಂಚ್ ಕಲಿಸುತ್ತಾರೆ. ಬ್ರಹ್ಮಾವರದವರಿಗೆ ಅದು ದಿನಾ ಬಸ್ಸಲ್ಲಿ ಹೋಗಿಬರುವ ದೂರ. ಬೆಂಗಳೂರಿನ ವಸಂತನಗರದ ಅಲಯನ್ಸ್ ಫ್ರಾಂಸೇಸ್ ಹಳೆಯ, ಗಟ್ಟಿ ಸಂಸ್ಥೆ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು.

ಪುಸ್ತಕದ ಮಾತು, ಮನೆಯ ಮಾತು

ತರಗತಿಯಲ್ಲಿ ಕಲಿತ ಫ್ರೆಂಚ್ ಮನೆಯೊಳಗೆ ಮೊದಲ ವಾರ ಕೈಕೊಡುತ್ತದೆ. ‘ನನಗೆ ಗೊತ್ತಿಲ್ಲ’ ಎನ್ನಲು ಪುಸ್ತಕ ‘ಜ ನ ಸೆ ಪಾ’ ಎಂದು ನಾಲ್ಕು ಪದ ಕಲಿಸುತ್ತದೆ. ಮನೆಯಲ್ಲಿ ಕೇಳುವುದು ‘ಶೆ ಪಾ’. ನಿಷೇಧ ಸೂಚಿಸುವ ‘ನ’ ಮಾತಿನಲ್ಲಿ ಬಿದ್ದೇ ಹೋಗಿದೆ. ‘ನಾವು ಹೋಗುತ್ತೇವೆ’ ಎನ್ನಲು ‘ನೂ’ ಎಂಬ ಸರ್ವನಾಮವನ್ನು ಬಳಸುವವರೇ ಕಡಿಮೆ, ಎಲ್ಲಕ್ಕೂ ‘ಓಂ’ ಬರುತ್ತದೆ. ಬರೆಯುವ ಅಕ್ಷರಗಳಲ್ಲಿ ಕೊನೆಯವು ಹೆಚ್ಚಾಗಿ ಉಚ್ಚಾರಕ್ಕೆ ಬರುವುದಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಅದೇ ಅಕ್ಷರ ಎಷ್ಟೋ ಸಲ ಥಟ್ಟನೆ ಎದ್ದು ಬರುತ್ತದೆ.

ಇದರಿಂದ ಬೆಂಗಳೂರಿನ ವಿದ್ಯಾರ್ಥಿ ಗಾಬರಿಯಾದಷ್ಟು ಕುಂದಾಪುರದವರು ಆಗಬೇಕಿಲ್ಲ. ಶಾಲೆಯಲ್ಲಿ ‘ಹೋಗಬೇಕು’ ಎಂದು ಬರೆದು, ಮನೆಗೆ ಬಂದು ‘ಹೋಯ್ಕ್’ ಎಂದು ಬೆಳೆದವರು ನಾವು. ಪದದ ಕೊನೆ ನುಂಗುವುದು, ನಡುವಿನದನ್ನು ಹಾರಿಸುವುದು ಕುಂದಗನ್ನಡದಲ್ಲಿ ದಿನನಿತ್ಯದ ಸಂಗತಿ. ಬರೆಯುವ ಭಾಷೆ ಒಂದು, ಆಡುವ ಭಾಷೆ ಇನ್ನೊಂದು ಎಂಬುದು ನಮಗೆ ಹುಟ್ಟಿನಿಂದ ಗೊತ್ತು. ಅದರ ಮೇಲೆ ಬ್ರಹ್ಮಾವರದ ಒಂದೇ ಅಂಗಡಿಯಲ್ಲಿ ತುಳು, ಕೊಂಕಣಿ ಕೇಳುತ್ತವೆ, ಶಿರೂರಿನ ಕಡೆ ನವಾಯತಿ. ಇವನ್ನೆಲ್ಲ ಯಾರೂ ವ್ಯಾಕರಣ ಓದಿ ಕಲಿತದ್ದಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕಲಿತದ್ದು. ಆತಿಥೇಯ ಮನೆಯಿಂದ ಸಿಗುವುದೂ ಅಂಥ ಕಲಿಕೆಯೇ. ಅದಕ್ಕೆ ಬದಲಿ ತರಗತಿಯಲ್ಲಿಲ್ಲ, ಆ್ಯಪಿನಲ್ಲಂತೂ ಇಲ್ಲ.

ನೀನು, ನೀವು ಎಂಬ ಭೇದ ಫ್ರೆಂಚಿನಲ್ಲೂ ಇದೆ: ‘ತ್ಯು’, ‘ವೂ’. ಮನೆಯ ಹಿರಿಯರಿಗೆ ‘ವೂ’ ಎಂದೇ ಶುರುಮಾಡಿ. ಅವರಾಗಿ ‘ತ್ಯು’ ಎನ್ನಿ ಎಂದ ಮೇಲೆ ‘ವೂ’ ಹಿಡಿದು ಕೂತರೆ ಅದು ಗೌರವವಾಗುವುದಿಲ್ಲ, ದೂರ ಇಟ್ಟಂತಾಗುತ್ತದೆ. ಬೆಳಗ್ಗೆ ಕೋಣೆಯಿಂದ ಹೊರಬಂದ ಕೂಡಲೇ ‘ಬೋಂಜೂರ್’ ಹೇಳದಿದ್ದರೆ ಮುನಿಸಿಕೊಂಡಿದ್ದಾರೆ ಎಂದೇ ತಿಳಿಯುತ್ತಾರೆ.

ಊಟದ ಮೇಜು

ನಿಜವಾದ ತರಗತಿ ರಾತ್ರಿ ಏಳೂವರೆ, ಎಂಟಕ್ಕೆ ನಡೆಯುತ್ತದೆ. ನಮ್ಮಲ್ಲಿ ಉಣ್ಣುವಾಗ ಮಾತು ಬೇಡ ಎನ್ನುವ ಹಿರಿಯರು ಈಗಲೂ ಇದ್ದಾರೆ. ಅಲ್ಲಿ ಮಾತಿಲ್ಲದೆ ಉಂಡರೆ ಅಡುಗೆ ಸೇರಲಿಲ್ಲ ಎಂದು ಅರ್ಥ. ಬ್ರೆಡ್ಡನ್ನು ತಟ್ಟೆಯಲ್ಲಲ್ಲ, ಪಕ್ಕದಲ್ಲಿ ಮೇಜಿನ ಮೇಲೇ ಇಡುತ್ತಾರೆ. ಕೈಗಳು ಮಡಿಲಲ್ಲಿರದೆ ಮೇಜಿನ ಮೇಲೆ ಕಾಣಬೇಕು. ಕೊನೆಗೆ ಚೀಸ್, ಆಮೇಲೆ ಹಣ್ಣು ಅಥವಾ ಸಿಹಿ. ಊಟ ಮುಗಿಯಲು ಗಂಟೆ ಹಿಡಿದರೂ ಎದ್ದು ಕೋಣೆಗೆ ಓಡಬೇಡಿ, ಕೊಟ್ಟ ದುಡ್ಡು ವಸೂಲಾಗುವುದು ಆ ಗಂಟೆಯಲ್ಲೇ. ಊರಿಗೆ ಫೋನ್ ಮಾಡುವ ನೆಪವೂ ಆಗ ನಡೆಯದು: ಭಾರತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಊಟವಾಗುವಾಗ ಬೈಂದೂರಿನಲ್ಲಿ ಅಮ್ಮ ಮಲಗಿರುತ್ತಾರೆ.

ಸಸ್ಯಾಹಾರಿಗಳು ಅರ್ಜಿಯಲ್ಲೇ ಬಿಡಿಸಿ ಬರೆಯಬೇಕು. ‘ವೆಜಿತೇರಿಯೆನ್’ ಎಂದಷ್ಟೇ ಹೇಳಿದರೆ ಮೊಟ್ಟೆ ಬರುತ್ತದೆ, ಕೆಲವು ಮನೆಗಳಲ್ಲಿ ಮೀನೂ ಬರುತ್ತದೆ. ತರಕಾರಿ ಸೂಪಿನ ನೀರು ಮಾಂಸ ಬೇಯಿಸಿದ್ದಾಗಿರಬಹುದು. ಅನೇಕ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಮೀನು ತಿನ್ನುವವರ ಚಿಂತೆ ಬೇರೆ. ಬ್ರಿಟನಿ ಕರಾವಳಿಯಲ್ಲಿ ಬೂತಾಯಿ, ಬಂಗುಡೆಯ ಹತ್ತಿರದ ಬಂಧುಗಳು ಧಾರಾಳ ಸಿಗುತ್ತವೆ, ಸಾರಿಗೆ ಮಾತ್ರ ಖಾರವಿರುವುದಿಲ್ಲ. ಕುಚಲಕ್ಕಿ ನೆನೆಸಿಕೊಳ್ಳುವವರಿಗೆ ಒಂದು ಸಮಾಧಾನ: ದಕ್ಷಿಣ ಫ್ರಾನ್ಸಿನ ಕಾಮಾರ್ಗ್‌ನಲ್ಲಿ ಭತ್ತ ಬೆಳೆಯುತ್ತಾರೆ, ಕೆಂಪಕ್ಕಿಯೂ ಇದೆ.

ಉಡುಗೊರೆಯ ವಿಷಯದಲ್ಲಿ ಎಚ್ಚರ. ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸು, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿಗಳಿಗೆ ಮಾತ್ರ ವಿನಾಯಿತಿ. ತೆಂಗಿಗೆ ಯುರೋಪು ಬಾಗಿಲು ತೆರೆದಿದ್ದರೂ ಕೊಬ್ಬರಿಯನ್ನು ಬೆಂಕಿಯ ಅಪಾಯವೆಂದು ವಿಮಾನದವರು ತಡೆಯುತ್ತಾರೆ.

ವೀಸಾ ಮತ್ತು ಹಣ

ಫ್ರಾನ್ಸಿನಲ್ಲಿ 90 ದಿನದೊಳಗಿನ ಕೋರ್ಸಿಗೆ ಷೆಂಗೆನ್ ವೀಸಾ ಸಾಕು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಹೆಚ್ಚು ಕಾಲದ್ದಾದರೆ ಮೊದಲು ಕ್ಯಾಂಪಸ್ ಫ್ರಾನ್ಸ್ ಎಂಬ ಫ್ರೆಂಚ್ ಸರ್ಕಾರಿ ಸಂಸ್ಥೆಯ ಸಂದರ್ಶನ, ನಂತರ ದೀರ್ಘಾವಧಿ ವಿದ್ಯಾರ್ಥಿ ವೀಸಾ. ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕು. ಈ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಬಹುದು.

ಕೈಯಲ್ಲಿ ಹಣ ಕಡಿಮೆ ಇರುವವರಿಗೆ ‘ಓ ಪೇರ್’ ದಾರಿಯಿದೆ. 18ರಿಂದ 30 ವಯಸ್ಸಿನವರು ಒಂದು ಮನೆಯಲ್ಲಿದ್ದು, ವಾರಕ್ಕೆ ಗರಿಷ್ಠ 25 ಗಂಟೆ ಮಕ್ಕಳನ್ನು ನೋಡಿಕೊಂಡು, ಭಾಷಾ ತರಗತಿಗೂ ಹೋಗುವುದು. ಊಟ, ಕೋಣೆ, ಜೇಬುಖರ್ಚು ಮನೆಯವರದ್ದು. ಮಾತು ಬೇಗ ಹಿಡಿತಕ್ಕೆ ಬರುವುದೂ ಹೀಗೆಯೇ, ಮಕ್ಕಳು ಇಂಗ್ಲಿಷಿಗೆ ಒಗ್ಗುವುದಿಲ್ಲ. ಕೆಲಸದ ಗಂಟೆಗಳನ್ನು ಮಾತ್ರ ಒಪ್ಪಂದದಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ.

ಪರೀಕ್ಷೆ

ಕಲಿತದ್ದಕ್ಕೆ ಕಾಗದ ಬೇಕೆನ್ನುವವರಿಗೆ 1985ರಲ್ಲಿ ಶುರುವಾದ ಡೆಲ್ಫ್, ಡಾಲ್ಫ್ ಪರೀಕ್ಷೆಗಳಿವೆ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. 50 ಬಂದರೆ ಉತ್ತೀರ್ಣ, ಆದರೆ ಯಾವ ವಿಭಾಗದಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಪ್ರಮಾಣಪತ್ರ ಜೀವನಪೂರ್ತಿ ಚಲಾವಣೆಯಲ್ಲಿರುತ್ತದೆ. ಟಿಸಿಎಫ್ ಎಂಬ ಇನ್ನೊಂದು ಪರೀಕ್ಷೆಯ ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು. ಮನೆಯಲ್ಲಿದ್ದು ಬಂದವರು ಕೇಳುವ, ಮಾತಾಡುವ ವಿಭಾಗಗಳಲ್ಲಿ ಸುಲಭವಾಗಿ ದಾಟಿ, ಬರೆಯುವುದರಲ್ಲಿ ಎಡವುವುದುಂಟು. ‘ಶೆ ಪಾ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತದೆ.